ತಂತಾನೇ ಕೆಟ್ಟ ವಿಡಿಯೋ ಗೇಮು

ರಾಚವ್ವನಿಗೆ ಹೇಸಿಗೆ ಬರದ ವಸ್ತು ಈ ಲೋಕದಲ್ಲಿ ಕಡಿಮೆ. ಆಕೆಯನ್ನು ಬೈದು ಫಲವಿಲ್ಲ, ಕೆಲಸವೇ ಅಂಥದು. ಸವದತ್ತಿಯ ಪೇಟೆಯಲ್ಲಿ ಕಿರಾಣಿ ಅಂಗಡಿಗೂ ಹೊಲಿಗೆಯವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎಂಟಡಿ ಅಗಲದ ರಿಪೇರಿ ಅಂಗಡಿ ಅವಳದು. ಮಂದಿ ತಂದಿಟ್ಟದ್ದನ್ನು ಬಿಚ್ಚಲೇಬೇಕು. ಟಿವಿ ಬಿಚ್ಚಿದರೆ ಜಿರಳೆಗಳ ಜಾತ್ರೆ. ಮಿಕ್ಸರ್ ಬಿಚ್ಚಿದರೆ ಮೂರು ವರ್ಷದ ಶೇಂಗಾ ಚಟ್ನಿ. ಪಂಪಿನ ಸ್ಟಾರ್ಟರ್ ಬಿಚ್ಚಿದರೆ ಸುಟ್ಟು ಕರಕಾದ ಹಲ್ಲಿ, ಬಾಲ ಬೇರೆ, ತಲೆ ಬೇರೆ. ಇನ್ನು ರಿಮೋಟಿಗೆ ತೊಡಿಸಿದ ಪ್ಲಾಸ್ಟಿಕ್ ಚೀಲದ ಮೇಲೆ ಭಜಿ ತಿಂದ ಬೆರಳಿನ ಎಣ್ಣೆ ಹತ್ತು ವರ್ಷದಿಂದ ಪದರು ಪದರಾಗಿ ಕೂತಿರುತ್ತದೆ. ಅದನ್ನು ಮುಟ್ಟಿದಾಗಲೆಲ್ಲ ರಾಚವ್ವ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬರುತ್ತಾಳೆ. ಅಂಗಡಿಯಲ್ಲಿ ಬೆಸುಗೆಯ ತವರಕ್ಕಿಂತ ಸೋಪು ಹೆಚ್ಚು ಖರ್ಚಾಗುತ್ತದೆ ಎಂದು ಪಕ್ಕದ ಹೊಲಿಗೆಯವನು ನಗುವುದುಂಟು.

ಆದರೆ ಹೊಲಸು ತೊಳೆದರೆ ಹೋಗುತ್ತದೆ. ಆಕೆಗೆ ತೊಳೆದರೂ ಹೋಗದ ಹೇಸಿಗೆ ಬೇರೆಯೇ ಇತ್ತು. ಅದು ಗಿರಾಕಿಗಳ ಬಾಯಲ್ಲಿ ಬರುವ ಒಂದೇ ಒಂದು ಮಾತು.

"ನಾವೇನೂ ಮಾಡಿಲ್ರಿ ಅಕ್ಕಾರ. ತಂತಾನ ಕೆಟ್ಟೈತ್ರಿ."

ನೀರು ಹೊಯ್ದವರೂ ಅದನ್ನೇ ಹೇಳುತ್ತಾರೆ, ಅಟ್ಟದಿಂದ ಕೆಡವಿದವರೂ ಅದನ್ನೇ ಹೇಳುತ್ತಾರೆ. ಸಿಟ್ಟಿನಲ್ಲಿ ಟಿವಿಗೆ ತಂಬಿಗೆ ಎಸೆದ ಒಬ್ಬ ಮಹಾಶಯ, ಒಡೆದ ಗಾಜನ್ನು ಎದುರಿಗಿಟ್ಟುಕೊಂಡೇ ಅದನ್ನು ಹೇಳಿದ್ದ. ಈ ಮಾತನ್ನು ಮಂದಿಗೆ ಕಲಿಸಿದವನು ತನ್ನ ಗಂಡನೇ ಎಂಬುದು ರಾಚವ್ವನ ಗಟ್ಟಿ ನಂಬಿಕೆ.

ಆಕೆ ರಾಮದುರ್ಗದ ಮಗಳು. ಹತ್ತನೇ ಇಯತ್ತೆ ಮುಗಿಸಿ, ಪರಪ್ಪನ ಕೈಹಿಡಿದು ಸವದತ್ತಿಗೆ ಬಂದಾಗ ಹತ್ತೊಂಬತ್ತು ವರ್ಷ. ಪರಪ್ಪನಿಗೆ ಆಗಲೇ ರೇಡಿಯೋ ಟಿವಿ ರಿಪೇರಿಯ ಅಂಗಡಿ. ಮಧ್ಯಾಹ್ನ ಬುತ್ತಿ ತಂದವಳು ಅಲ್ಲೇ ಕೂತು ನೋಡುತ್ತ ನೋಡುತ್ತ ಬೆಸುಗೆ ಕಲಿತಳು, ಮೀಟರ್ ಹಿಡಿಯುವುದು ಕಲಿತಳು. ಕಲಿಯದೆ ಬಿಟ್ಟದ್ದು ಗಂಡನ ಬಾಯಿಯನ್ನು ಮಾತ್ರ. ಪರಪ್ಪ ಬೆಲ್ಲದಂಥ ಮಾತಿನವನು. "ತಂತಾನ ಕೆಡತಾವ್ರಿ, ಮಷೀನ ಅಲ್ಲೇನ್ರಿ? ಮನಶ್ಯಾನ ಕೆಡತಾನ!" ಎಂದು ಎಲ್ಲರ ತಪ್ಪನ್ನೂ ತಾನೇ ಒರೆಸಿ ಕಳಿಸುತ್ತಿದ್ದ. ಗಿರಾಕಿ ನಗುತ್ತ ಹೋಗುತ್ತಿದ್ದ, ರಾಚವ್ವ ಒಳಗೊಳಗೇ ಕುದಿಯುತ್ತಿದ್ದಳು. ತಪ್ಪು ಮಾಡಿದವನಿಗೆ ತಪ್ಪೇ ಗೊತ್ತಾಗದಿದ್ದರೆ ಮತ್ತೆ ಅದನ್ನೇ ಮಾಡುತ್ತಾನೆ. ಮಾಡುತ್ತಲೂ ಇದ್ದರು.

ಆರು ವರ್ಷದ ಹಿಂದೆ ಪರಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ರಾಚವ್ವ ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ತಾನು ಸ್ಟೂಲು ಹತ್ತಿದಳು. ಹೆಂಗಸಿನ ಕೈಯಲ್ಲಿ ರಿಪೇರಿ ಏನು ಎಂದು ಮೊದಮೊದಲು ಮೂಗು ಮುರಿದವರು, ಊರಿನ ಉಳಿದ ಮೆಕ್ಯಾನಿಕರೆಲ್ಲ ಮೊಬೈಲಿನ ಹಿಂದೆ ಬಿದ್ದ ಮೇಲೆ ಸುಮ್ಮನೆ ಬಂದರು. ಹಾಳೂರಿಗೆ ಉಳಿದವನೇ ಗೌಡ. ಸ್ಟೂಲು ಹತ್ತಿದ ವಾರವೇ ಆಕೆ ಒಂದು ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ತೂಗುಹಾಕಿದಳು: "ಸುಳ್ಳು ಹೇಳಿದರೆ ರಿಪೇರಿ ಇಲ್ಲ." ಪರಪ್ಪ ಅದನ್ನು ಓದಿ, ಅರ್ಧ ಮುಖದಿಂದ ನಕ್ಕಿದ್ದ.

ಆ ರಟ್ಟಿನ ಸುದ್ದಿ ಮುರಗೋಡಕ್ಕೂ ಮುಟ್ಟಿತ್ತು. ಹೋದ ಡಿಸೆಂಬರಿನ ಒಂದು ಮುಂಜಾನೆ ಅಲ್ಲಿಂದ ಇಬ್ಬರು ಅಣ್ಣತಮ್ಮಂದಿರು ಬಂದರು. ಅಣ್ಣ ಕಾಂತೇಶ, ತಮ್ಮ ವಿಜಯ. ಇಬ್ಬರೂ ನಲವತ್ತರ ಆಚೀಚಿನವರು, ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಕಡೆ ನೋಡುತ್ತ ನಿಂತರು. ಹಿಂದೆ ಅವರ ತಾಯಿ ಬಾಯವ್ವ. ಕಾಂತೇಶ ಟವೆಲ್ಲು ಬಿಚ್ಚಿ ಒಂದು ಹಳೆಯ ವಿಡಿಯೋ ಗೇಮನ್ನು ಮೇಜಿನ ಮೇಲಿಟ್ಟ. ಟಿವಿಗೆ ಜೋಡಿಸಿ, ಮೇಲೆ ಕ್ಯಾಸೆಟ್ಟು ಚುಚ್ಚಿ ಆಡುವಂಥದು. ವಿಜಯ ಮನೆಯಲ್ಲಿದ್ದ ಅಡಾಪ್ಟರುಗಳನ್ನೆಲ್ಲ ಒಂದು ಕೈಚೀಲದಲ್ಲಿ ತುಂಬಿ ತಂದಿದ್ದ.

"ಏನಾಗೇತ್ರಿ ಇದಕ?"

"ಅದನ್ನ ನೀವ ಹೇಳಬೇಕ್ರಿ," ಎಂದ ಕಾಂತೇಶ. "ಸುಟ್ಟಿದ್ದು ಗೊತ್ತೈತಿ. ಯಾರ ಸುಟ್ಟಾರ ಅನ್ನೂದು ಗೊತ್ತಾಗಬೇಕ್ರಿ."

"ನಾ ರಿಪೇರಿ ಮಾಡತೇನಿ. ಪಂಚಾಯ್ತಿ ಮಾಡೂದಿಲ್ಲ."

ಆದರೂ ಕಥೆ ಹೇಳಿಯೇ ಬಿಟ್ಟರು. ಇಬ್ಬರೂ ಸಾಲಿಗೆ ಹೋಗುತ್ತಿದ್ದಾಗ ಅಪ್ಪ ಬೆಳಗಾವಿಯಿಂದ ತಂದುಕೊಟ್ಟ ಗೇಮು ಅದು. ವರ್ಷವೂ ದಸರೆಯ ಖಂಡೇಪೂಜೆಯ ದಿನ ಕುಡಗೋಲು, ಟ್ರ್ಯಾಕ್ಟರಿನ ಕೀಲಿಯ ಜೊತೆ ಅದಕ್ಕೂ ಪೂಜೆ. ಅಪ್ಪ ತೀರಿಕೊಂಡು ಎಂಟು ವರ್ಷ, ಆಮೇಲೆ ಅದನ್ನು ಯಾರೂ ಹಚ್ಚಿರಲಿಲ್ಲ. ಈ ಸಲ ಪೂಜೆ ಮುಗಿದು ಟ್ರಂಕು ಸೇರಿದ್ದನ್ನು ದೀಪಾವಳಿಗೆ ಕಾಂತೇಶನ ಮಗಳು ತೆಗೆದರೆ ಸುಟ್ಟ ವಾಸನೆ. ಹುಡುಗಿಯೇ ಸುಟ್ಟಳು ಎಂದಳು ವಿಜಯನ ಹೆಂಡತಿ ಶೀತಲ. ನೀನೇ ಕದ್ದು ಹಚ್ಚಿ ಸುಟ್ಟೆ ಎಂದಳು ಕಾಂತೇಶನ ಹೆಂಡತಿ. ಬೋರಿನ ನೀರಿನ ಪಾಳಿಗಾಗಿ ಮೊದಲೇ ಮುನಿಸಿಕೊಂಡಿದ್ದ ಮನೆ. ಈಗ ಇಬ್ಬರು ಸೊಸೆಯರ ಸೀರೆ ಒಂದು ಹಗ್ಗದ ಮೇಲೆ ಒಣಗುತ್ತಿರಲಿಲ್ಲ.

"ಮಠದ ಗದ್ದಿಗಿ ಮುಟ್ಟಿ ಆಣಿ ಮಾಡೇನ್ರಿ ಅಕ್ಕಾರ," ಎಂದ ವಿಜಯ. "ನಮ್ಮಪ್ಪಂದು ಅಂತ ಉಳಿದಿದ್ದು ಇದೊಂದ. ಸುಟ್ಟವರು ಯಾರ ಇರ್ಲಿ, ಅವರಿದ್ದ ಮನ್ಯಾಗ ನಾ ಉಣ್ಣೂದಿಲ್ಲ. ಬ್ಯಾರೆ ಒಲಿ ಹೂಡತೇನಿ."

ಬಾಯವ್ವ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದಳು.

ರಾಚವ್ವ ಕೆಲಸಕ್ಕೆ ಕೈ ಹಚ್ಚಿದಳು. ಕರೆಂಟಿನ ರೋಗವನ್ನು ಹೊರಗಿನಿಂದ ಒಳಕ್ಕೆ ಹುಡುಕುತ್ತ ಹೋಗಬೇಕು ಎಂಬುದು ಆಕೆಯ ಪದ್ಧತಿ. ಗೇಮಿನ ಸ್ವಂತ ಅಡಾಪ್ಟರನ್ನು ಹಚ್ಚಿ, ತುದಿಗೆ ಸಣ್ಣ ಬಲ್ಬು ಕಟ್ಟಿ ಮೀಟರ್ ಹಿಡಿದಳು. ಒಂಬತ್ತು ವೋಲ್ಟು, ಗಟ್ಟಿಮುಟ್ಟು. ಹಾಗಾದರೆ ರೋಗ ಪೆಟ್ಟಿಗೆಯ ಒಳಗೇ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು.

ಗಬ್ಬೆಂದು ಮೂಗಿಗೆ ಹೊಡೆಯಿತು. ಮೀನನ್ನು ಕಣ್ಣೆತ್ತಿ ನೋಡದ ಮನೆತನದಲ್ಲಿ ಹುಟ್ಟಿದವಳಾದರೂ, ರಾಮದುರ್ಗದ ಹೊಳೆಯ ದಂಡೆಯಲ್ಲಿ ಬಿಸಿಲಿಗೆ ಕೊಳೆತ ಮೀನಿನ ನಾತ ಆಕೆಗೆ ಗೊತ್ತು. ಕರೆಂಟು ಹಿಡಿದಿಟ್ಟುಕೊಳ್ಳುವ ಪುಟ್ಟ ಡಬ್ಬಿ ಕಂಡೆನ್ಸರ್, ಅದು ಒಡೆದರೆ ಥೇಟ್ ಅದೇ ನಾತ. ಅದರ ಜೊತೆಗೆ ಜಿರಳೆಯ ಹಿಕ್ಕೆ. ಅದಕ್ಕೂ ಮೇಲೆ ಮೂವತ್ತು ವರ್ಷದ ಭಕ್ತಿ: ಸಂದುಗಳಿಂದ ಇಳಿದ ವಿಭೂತಿ, ಅರಿಷಿಣ, ಕುಂಕುಮ, ಕಾಯಿ ಒಡೆದು ಚಿಮುಕಿಸಿದ ನೀರು. ಎಲ್ಲ ಕೂಡಿ ಹೆಪ್ಪುಗಟ್ಟಿದ ಅಂಟು. ಅದರಲ್ಲಿ ಸತ್ತ ಇರುವೆಗಳ ಸಾಲು.

"ಶೀ, ಶೀ, ಶೀ! ದೇವರ ಹೆಸರ್ಲೆ ಮಷೀನಕ್ಕ ಜಳಕಾ ಮಾಡಸ್ತೀರಿ! ಮನಶ್ಯಾರ ಕೈಯಾಗ ಸಿಕ್ಕ ಮಷೀನ ಬದುಕೂದ ಹ್ಯಾಂಗ?"

ಬ್ರಶ್ಶಿನಿಂದ ತಿಕ್ಕಿ ನೋಡಿದಳು. ಕರೆಂಟು ಒಳಬರುವ ಜಾಗದ ಕಂಡೆನ್ಸರಿನ ತಲೆ ಸಿಡಿದಿತ್ತು. ಅದರ ಮುಂದಿನ ಮೂರು ಕಾಲಿನ ರೆಗ್ಯುಲೇಟರ್, ಒಂಬತ್ತು ವೋಲ್ಟನ್ನು ಐದಕ್ಕೆ ಇಳಿಸುವಂಥದು, ಸೀಳಿ ಸತ್ತಿತ್ತು. ವಯಸ್ಸಾಗಿ ಹೋಗುವ ಕಂಡೆನ್ಸರ್ ಮೆಲ್ಲಗೆ ಉಬ್ಬುತ್ತದೆ, ಹನಿ ಹನಿಯಾಗಿ ಸೋರುತ್ತದೆ. ಹೀಗೆ ಸಿಡಿಯಬೇಕಾದರೆ ಕರೆಂಟು ಉಲ್ಟಾ ಹರಿದಿರಬೇಕು. ಅಂದರೆ ಯಾರೋ ಬೇರೆ ಅಡಾಪ್ಟರ್ ಚುಚ್ಚಿದ್ದಾರೆ.

ಕೈಚೀಲ ಸುರುವಿದಳು. ಐದು ಅಡಾಪ್ಟರ್ ಬಿದ್ದವು. ಅದರಲ್ಲಿ ಸೆಟ್‌ಟಾಪ್ ಬಾಕ್ಸಿನದು ಗೇಮಿನ ತೂತಿಗೆ ಸರಿಯಾಗಿ ಹೊಂದುತ್ತಿತ್ತು. ಆದರೆ ಗೇಮಿಗೆ ಮೈನಸ್ ಬೇಕಾದಲ್ಲಿ ಅದು ಪ್ಲಸ್ ಕೊಡುತ್ತಿತ್ತು. ತೂತಿಗೆ ಹೊಂದಿತೆಂದರೆ ಮಷೀನಿಗೂ ಹೊಂದಿತು ಎಂದುಕೊಳ್ಳುವ ಮಂದಿಗೆ ಏನು ಹೇಳುವುದು! ರಾಚವ್ವ ಅದರ ಪಿನ್ನನ್ನು ಬೆಳಕಿಗೆ ಹಿಡಿದಳು. ಪಿನ್ನಿನ ಬುಡದಲ್ಲಿ ಒಣಗಿದ ಕುಂಕುಮ, ಹಸಿ ಕೈಯಿಂದ ಹಿಡಿದಾಗ ಮೂಡುವಂಥ ಬೆರಳಿನ ಗುರುತು. ಗೇಮಿನ ಸ್ವಿಚ್ಚಿನ ಮೇಲೂ ಅಂಥದೇ ಒಂದು ಗುರುತಿತ್ತು. ಪೂಜೆ ಮಾಡಿದ ಕೈಯೇ, ತೊಳೆಯುವುದಕ್ಕೂ ಮೊದಲು, ಇದನ್ನು ಚುಚ್ಚಿ ಸ್ವಿಚ್ಚು ಒತ್ತಿತ್ತು.

ಆಕೆ ಇನ್ನೂ ಬಾಯಿ ತೆರೆದಿರಲಿಲ್ಲ. ಬೆಂಚಿನ ತುದಿಯಲ್ಲಿ ಬಾಯವ್ವನ ಬಲಗೈ ಸರಕ್ಕನೆ ಸೆರಗಿನೊಳಗೆ ಸೇರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎನ್ನುವ ಮೊದಲೇ ಹೆಗಲು ಅಡಗಿತು.

"ನೀವಿಬ್ರೂ ಹೋಗಿ ಚಾ ಕುಡದ ಬರ್ರಿ," ಎಂದಳು ರಾಚವ್ವ. "ಹಿಂಗ ಮ್ಯಾಲ ಬಿದ್ದು ನೋಡಿದ್ರ ನನಗ ಕೆಲಸ ಆಗೂದಿಲ್ಲ."

ಅವರು ಮರೆಯಾದ ಮೇಲೆ ಅಡಾಪ್ಟರನ್ನು ಮುದುಕಿಯ ಮುಂದೆ ಹಿಡಿದಳು. ಬಾಯವ್ವ ಅದನ್ನು ನೋಡದೆ ಮಾತಾಡಿದಳು.

"ಅವರಪ್ಪ ಇದ್ದಾಗ ಖಂಡೇಪೂಜಿ ಆದ ಕೂಡ್ಲೆ ಇದನ್ನ ಹಚ್ಚತಿದ್ದ ಯವ್ವಾ. ಇಬ್ರೂ ಒಂದ ಚಾಪಿ ಮ್ಯಾಗ ಕುಂತು ಆಡತಿದ್ರು. ಈ ಸಲ ಮಾರಿಗೆ ಮಾರಿ ಹಚ್ಚಿ ಮಾತಿಲ್ಲ. ಅದರ ಸಪ್ಪಳಾ ಕೇಳಿದ್ರರ ಬಂದು ಕುಂದ್ರತಾರೋ ಏನೋ ಅಂತ ಕೈಗೆ ಸಿಕ್ಕಿದ್ದನ್ನ ಚುಚ್ಚಿದೆ. ಠಪ್ ಅಂತು. ಹೊಗಿ ಬಂತು."

"ಅವಾಗ ಯಾಕ ಹೇಳಲಿಲ್ಲ?"

"ಅಂಜಿಕಿ ಬಂತು."

"ಎರಡ ತಿಂಗಳಾತು. ಸೊಸಿಯಂದ್ರು ಒಬ್ಬರನ್ನೊಬ್ಬರು ಹರಕೊಂಡು ತಿನ್ನಾಕತ್ತಾರ. ನೀವು ನೋಡಕೋತ ಕುಂತ್ರಿ?"

ಬಾಯವ್ವ ಸಣ್ಣ ದನಿಯಲ್ಲಿ ಹೇಳಿದಳು. "ಮೊಮ್ಮಗಳ ಮ್ಯಾಲ ಬರೂದಕ್ಕಿಂತ ಶೀತಲನ ಮ್ಯಾಲ ಬಂದ್ರ ಬರ್ಲಿ ಬಿಡು ಅನಿಸ್ತು. ಆಕಿ ಹೊರಗಿನಾಕಿ."

ಚಾಪೆಯ ಮಾತು ಕೇಳಿ ರಾಚವ್ವನ ಕರುಳು ಒಂದಿಷ್ಟು ಕರಗಿತ್ತು. ಈ ಮಾತಿಗೆ ಕರಗಿದ್ದೆಲ್ಲ ಹೆಪ್ಪುಗಟ್ಟಿತು. ಗಂಡನ ಮನೆಗೆ ಬಂದು ವರ್ಷಗಟ್ಟಲೆ ಬಾಳುವೆ ಮಾಡಿದ ಸೊಸೆ ಹೊರಗಿನವಳು! ಪೆಟ್ಟಿಗೆಯ ಒಳಗಿನ ಜಿರಳೆ ಹಿಕ್ಕೆಯೇ ಎಷ್ಟೋ ವಾಸಿ ಅನ್ನಿಸಿತು. ಎದ್ದು ಹೋಗಿ ಎಲ್ಲವನ್ನೂ ಚಹಾದಂಗಡಿಯ ಮುಂದೆ ನಿಂತು ಕೂಗಿ ಹೇಳಬೇಕೆಂದು ಕಾಲು ತುಡಿಯಿತು. ತಲೆಯ ಮೇಲಿನ ರಟ್ಟೂ ಅದನ್ನೇ ಹೇಳುತ್ತಿತ್ತು.

ಆದರೆ ವಿಜಯನ ಆಣೆ ಇತ್ತಲ್ಲ. ಗದ್ದಿಗೆ ಮುಟ್ಟಿದ ಮಾತು ಹಿಂದೆ ಬರುವುದಿಲ್ಲ. ಖರೆ ಹೇಳಿದರೆ ಹೆತ್ತ ತಾಯಿ ಇದ್ದ ಮನೆಯಲ್ಲಿ ಮಗ ಉಣ್ಣುವಂತಿಲ್ಲ. ಹೇಳದಿದ್ದರೆ, ಮಾಡದ ತಪ್ಪು ಶೀತಲನ ತಲೆಯ ಮೇಲೋ ಆ ಹುಡುಗಿಯ ತಲೆಯ ಮೇಲೋ ಉಳಿಯುತ್ತದೆ. ಯಾರ ತಲೆಯ ಮೇಲೂ ಉಳಿಯದ ಮಾತು ಒಂದೇ ಒಂದಿತ್ತು. ಅದು ಯಾವುದೆಂದು ಹೊಳೆದ ಕೂಡಲೇ ರಾಚವ್ವ ಪಕ್ಕದ ಕುರ್ಚಿಯಲ್ಲಿ ಕೂತ ಗಂಡನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಪಿನ್ನಿನ ಕುಂಕುಮ ಒರೆಸಿದಳು. ಸ್ವಿಚ್ಚಿನದನ್ನೂ ಒರೆಸಿದಳು.

"ಇದು ನಿಮಗಾಗಿ ಅಲ್ರಿ," ಎಂದಳು. "ಮನಿಗೆ ಹೋಗಿ ಶೀತಲನ ಮುಂದ ನಿಮ್ಮ ಬಾಯಿಲೆ ಹೇಳ್ರಿ. ಆಕಿ ಒಬ್ಬಾಕಿಗೆ ಹೇಳಿದ್ರ ಸಾಕು."

ಬಾಯವ್ವ ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು. ಹೇಳುತ್ತಾಳೆಂದು ರಾಚವ್ವನಿಗೆ ನಂಬಿಕೆ ಹುಟ್ಟಲಿಲ್ಲ.

ಹಳೆಯ ಟಿವಿಯೊಂದರ ಬೋರ್ಡಿನಿಂದ ರೆಗ್ಯುಲೇಟರ್ ಕಿತ್ತು ಕೂಡಿಸಿದಳು, ಹೊಸ ಕಂಡೆನ್ಸರ್ ಹಾಕಿದಳು, ಹಸಿರುಗಟ್ಟಿದ ತಾಮ್ರವನ್ನು ಕೆರೆದಳು. ಅಷ್ಟರಲ್ಲಿ ಅಣ್ಣತಮ್ಮಂದಿರು ಬಂದು ನಿಂತರು.

"ಗೊತ್ತಾತ್ರಿ?"

ರಾಚವ್ವ ಅವರ ಮುಖ ನೋಡಲಿಲ್ಲ. "ಯಾರೂ ಸುಟ್ಟಿಲ್ಲ. ತಂತಾನ ಕೆಟ್ಟೈತಿ."

"ಖರೇ ಹೇಳ್ರಿ ಅಕ್ಕಾರ," ಎಂದ ವಿಜಯ, ರಟ್ಟಿನ ಕಡೆ ಕೈ ತೋರಿಸಿ. "ನೀವು ಸುಳ್ಳ ಹೇಳೂದಿಲ್ಲ ಅಂತನ ಇಲ್ಲಿತನಕ ಬಂದೇವಿ."

"ಖರೇನ ಹೇಳಾಕತ್ತೇನಿ. ಮೂವತ್ತ ವರ್ಷದ ಕಂಡೆನ್ಸರ್. ಒಳಗಿಂದೊಳಗ ಹಳೇದಾಗಿ ತಂತಾನ ಒಡದೈತಿ. ಮಷೀನ ಅಲ್ಲೇನ್ರಿ?"

ಪರಪ್ಪನ ಕುರ್ಚಿ ಕಿರ್ ಎಂದಿತು.

ಗೇಮನ್ನು ಅಂಗಡಿಯ ಟಿವಿಗೆ ಜೋಡಿಸಿ, ಅದರ ಸ್ವಂತ ಅಡಾಪ್ಟರ್ ಚುಚ್ಚಿ ಸ್ವಿಚ್ಚು ಒತ್ತಿದಳು. ಕೆಂಪು ದೀಪ ಹತ್ತಿತು. ಟಿವಿಯಲ್ಲಿ ನೀಲಿ ಬಂತು, ಆಮೇಲೆ ಕಿರುಗುಟ್ಟುವ ಆ ಹಳೆಯ ಸಂಗೀತ. ಕಾಂತೇಶ ಬಗ್ಗಿದ, ವಿಜಯನೂ ಬಗ್ಗಿದ. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದವು. "ಮೊದಲ ನಂದು," ಎಂದ ಕಾಂತೇಶ. "ನಿಂದ ಯಾಕ?" ಎಂದ ವಿಜಯ. ಎರಡು ತಿಂಗಳಲ್ಲಿ ಅವರಾಡಿಕೊಂಡ ಮೊದಲ ಮಾತು ಅದಾಗಿತ್ತು. ನೋಡಿದವರಿಗೆ ಸಂತೋಷವಾಗಬೇಕಾದ ನೋಟ. ರಾಚವ್ವನ ಬಾಯಲ್ಲಿ ಮಾತ್ರ ಸೆಲ್ಲಿನ ತುದಿ ನೆಕ್ಕಿದಂಥ ಒಗರು ತುಂಬಿತ್ತು.

ಹೊರಡುವಾಗ ಬಾಯವ್ವ ಕೈ ಹಿಡಿಯಲು ಬಂದಳು. ರಾಚವ್ವ ಕೈ ಹಿಂದೆಳೆದುಕೊಂಡಳು. "ಹೋಗ್ಬರ್ರಿ," ಎಂದಳು, ಅಷ್ಟೇ.

ಅವರು ಹೋದ ಮೇಲೆ ಪರಪ್ಪ ಅರ್ಧ ಮುಖದಿಂದ ನಕ್ಕ. "ನೋಡಿಲ್ಲಿ ರಾಚವ್ವ. ಇವತ್ತ ನೀ ಪಕ್ಕಾ ಮೆಕ್ಯಾನಿಕ್ ಆದಿ."

ಅಣಕವೇ ಎಂದು ತಿರುಗಿ ನೋಡಿದಳು. ಅಣಕವಿರಲಿಲ್ಲ. ಇಷ್ಟು ವರ್ಷ ಅವನು ಒರೆಸಿ ಕಳಿಸಿದ್ದರಲ್ಲಿ ಎಷ್ಟು ಮನೆಗಳ ಕುಂಕುಮವಿತ್ತೋ ಎಂಬ ಯೋಚನೆ ಆಕೆಗೆ ಮೊದಲ ಸಲ ಬಂತು. ಅದನ್ನು ಕೇಳಲು ಮನಸ್ಸಾಗಲಿಲ್ಲ. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಬಾಯಿ ಮುಕ್ಕಳಿಸಿ ಉಗುಳಿದಳು, ಮತ್ತೊಮ್ಮೆ ಮುಕ್ಕಳಿಸಿದಳು.

ಮಧ್ಯಾಹ್ನ ಒಬ್ಬ ಮಿಕ್ಸರ್ ತಂದಿಟ್ಟ. ಬುಡದಿಂದ ಕೆಂಪು ಚಟ್ನಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ನಾವೇನೂ ಮಾಡಿಲ್ರಿ ಅಕ್ಕಾರ. ತಂತಾನ ಕೆಟ್ಟೈತ್ರಿ."

ರಾಚವ್ವನ ಬೆರಳು ರೂಢಿಯಂತೆ ರಟ್ಟಿನ ಕಡೆಗೆ ಎದ್ದಿತು. ಅರ್ಧಕ್ಕೆ ನಿಂತಿತು.

"ಇಟ್ಟ ಹೋಗ್ರಿ," ಎಂದು ಮಿಕ್ಸರನ್ನು ತನ್ನ ಕಡೆ ಎಳೆದುಕೊಂಡಳು.