ಎರಡು ತೋಟೆಗಳ ಪೂವಯ್ಯ

ಪೂವಯ್ಯನವರ ಬಳಿ ಇಲ್ಲಿ ಕೋವಿಯಿಲ್ಲ. ಡಚ್ ವಿಮಾನ ನಿಲ್ದಾಣದ ಪಕ್ಕದ ಊರು ಬಾಡ್‌ಹೂವೆಡಾರ್ಪ್‌ನಲ್ಲಿ ಅವರ ಕಣ್ಣಿಗೆ ಬೀಳುವ ಅತಿ ದೊಡ್ಡ ಬೇಟೆಯೆಂದರೆ ಕಾಲುವೆ ದಂಡೆಯ ಕೊಕ್ಕರೆ. ಆದರೂ ಲಾಕ್‌ಡೌನ್ ಶುರುವಾದಾಗಿನಿಂದ ಆಫೀಸು ಕೊಟ್ಟ ಎರಡು ಮಾನಿಟರುಗಳಲ್ಲಿ ಬೇಟೆಕೋವಿಯ ಎರಡು ಬಗೆಯ ತೋಟೆಗಳು ಕಾದಾಡುತ್ತಿವೆ: ತ್ರೀ ನಾಟ್ ಎಯ್ಟ್, ಥರ್ಟಿ ನಾಟ್ ಸಿಕ್ಸ್. ಗುಂಡು ಒಂದೇ ದಪ್ಪ, ಒಂದರ ತೋಟೆ ಮಾತ್ರ ತುಸು ಉದ್ದ. ಕೈಯಾರೆ ತೋಟೆ ತುಂಬುವವರ ಕೋಷ್ಟಕಗಳನ್ನೆಲ್ಲ ಜಾಲಾಡಿ, ಎಷ್ಟು ಮದ್ದಿಗೆ ಎಷ್ಟು ವೇಗ ಎಂದು ಹೋಲಿಸುತ್ತಾರೆ. ಜೊತೆಗಿರುವ ಮೈಸೂರಿನ ಚಿರಾಗ್ ಈರುಳ್ಳಿ ಹೆಚ್ಚುತ್ತಾ, "ಕೊನೆಗೆ ಯಾವ್ದು ಮೇಲು ಸಾರ್?" ಎಂದರೆ ಮುಗಿಯಿತು, ಮಾಡಿದ ಅನ್ನವೆಲ್ಲ ಆರಿಹೋಗುತ್ತದೆ. ತೀರ್ಪು ಮಾತ್ರ ಹೊರಡುವುದಿಲ್ಲ. "ಡೇಟಾ ಸಾಲ್ದು ಮಾರಾಯ. ಯಾವ್ದಾದ್ರೂ ಆಗತ್ತೆ ಅನ್ನೋನು ಸೋಮಾರಿ!" ವಿಮಾನಗಳಿಲ್ಲದೆ ಆಕಾಶವೇ ಮೂಕವಾಗಿದ್ದ ಒಂದು ಬೆಳಿಗ್ಗೆ ಕೊಡಗಿನಿಂದ ತಮ್ಮನ ಫೋನು ಬಂತು. ಅಪ್ಪ ತೀರಿಕೊಂಡಿದ್ದರು. ಸಾವನ್ನು ಊರಿಗೆ ತಿಳಿಸಲು ಕೊಡವರು ಎರಡು ಗುಂಡು ಹಾರಿಸಬೇಕು. "ಅಪ್ಪನ ಎರಡು ಕೋವೀಲಿ ಯಾವ್ದು ತೆಗೀಲಿ ಅಣ್ಣ, ತ್ರೀ ನಾಟ್ ಎಯ್ಟಾ, ಇನ್ನೊಂದಾ?" ಚಿರಾಗ್ ಚಾಕು ಕೆಳಗಿಟ್ಟ. ಪೂವಯ್ಯ ಮಾನಿಟರುಗಳತ್ತ ನೋಡಲೂ ಇಲ್ಲ. "ಯಾವ್ದಾದ್ರೂ ಆಗತ್ತೆ," ಎಂದರು. "ಹಾರಿಸೋವಾಗ ಫೋನು ಹತ್ರ ಹಿಡಿ. ನಂಗೆ ಕೇಳ್ಬೇಕು."