ಏಳು ಎಮ್ಮೆ, ಒಂದು ದೋಣಿ

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಹಾಗಾಗಿ ರಾಜೇಶ್ವರಿಯ ದೋಣಿ ಮುಳುಗುತ್ತದೆ ಎಂದು ಅಕ್ಕೋಳದಲ್ಲಿ ಎಲ್ಲರಿಗಿಂತ ಮೊದಲು ಹೇಳಿದವನೂ ನಾನೇ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಊರಿನವರು ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬಂದು ಹೇಳಿಯೇ ಹೇಳುತ್ತಾರೆ, ಜೊತೆಗೆ ಉಪ್ಪುಖಾರವನ್ನೂ ಹಚ್ಚುತ್ತಾರೆ.

ರಾಜೇಶ್ವರಿಗೆ ನಲವತ್ತೆರಡು ವಯಸ್ಸು. ಗಂಡ ದುಂಡೇಶ, ಅತ್ತೆ ಲಕ್ಕವ್ವ, ಎರಡು ಎಕರೆ ಹೊಲ, ಏಳು ಎಮ್ಮೆ. ಊರು ವೇದಗಂಗೆ ಹೊಳೆಯ ಈ ದಂಡೆಯಲ್ಲಿ, ಅವರ ತೋಟದ ಮನೆ ಆ ದಂಡೆಯಲ್ಲಿ. ನಡುವೆ ನೀರು ತಡೆಯಲು ಕಟ್ಟಿದ ಬಾಂದಾರ, ಅದೇ ತಗ್ಗಿನ ಸೇತುವೆ. ಬೇಸಿಗೆಯಲ್ಲಿ ನಾನು ದಿನಾ ಬೆಳಿಗ್ಗೆ ಅದರ ಮೇಲೆ ನಡೆದುಹೋಗಿ ಅವರ ಮನೆಯ ಹಾಲು ತರುತ್ತೇನೆ. ಮಳೆಗಾಲದಲ್ಲಿ ಆ ಸೇತುವೆ ನೀರಿನಡಿ ಹೋಗುತ್ತದೆ. ತೋಟದ ಹಿಂದಿನ ದಾರಿಯನ್ನೂ ಹಳ್ಳ ನುಂಗುತ್ತದೆ. ಆಮೇಲೆ ಹದಿನೈದೋ ಇಪ್ಪತ್ತೋ ದಿನ ಅವರು, ಅವರ ಎಮ್ಮೆಗಳು, ಸುತ್ತ ನೀರು.

ಹೋದ ವರ್ಷ ಶ್ರಾವಣದಲ್ಲಿ ಒಂದು ಎಮ್ಮೆ ಕರು ಹಾಕಲಾರದೆ ಒದ್ದಾಡಿತು. ದನದ ಡಾಕ್ಟರು ಸುಜಯ ನಿಪ್ಪಾಣಿಯಿಂದ ಓಡಿ ಬಂದರು. ಬಂದು ಈ ದಂಡೆಯಲ್ಲಿ ನಿಂತರು. ಅವರು ಫೋನಿನಲ್ಲಿ ಹೇಳುತ್ತ ಹೋದರು, ಆ ದಂಡೆಯಲ್ಲಿ ರಾಜೇಶ್ವರಿ ಮೊಣಕೈವರೆಗೆ ಕೈ ಹಾಕಿ ಮಾಡುತ್ತ ಹೋದಳು. ಎಮ್ಮೆಯೂ ಉಳಿಯಲಿಲ್ಲ, ಕರುವೂ ಉಳಿಯಲಿಲ್ಲ. ಡಾಕ್ಟರು ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರು. ಆಕೆ ಅಂದು ಅಳಲಿಲ್ಲ.

ಎಂಟಿದ್ದದ್ದು ಏಳಾಯಿತು. ದುಂಡೇಶ ಬೇಸಿಗೆಯಲ್ಲಿಯೇ ಮಾರುವ ಮಾತು ತೆಗೆದ. ಅವನು ಕೆಟ್ಟವನಲ್ಲ. ಆ ಸಾವು ಅವನಿಗೂ ತಾಗಿತ್ತು, ಇನ್ನೊಂದನ್ನು ನೋಡುವ ಧೈರ್ಯ ಇರಲಿಲ್ಲ.

"ಇದೊಂದು ಮಳೆಗಾಲ ಬಿಡ್ರಿ," ಎಂದಳು ರಾಜೇಶ್ವರಿ. "ಹೊಳಿ ತುಂಬಿದಾಗ ಡಾಕ್ಟರ್‌ನ ನಾ ಈಕಡೆ ಕರಕೊಂಡ ಬರ್ತೇನಿ."

"ಹೆಂಗ? ಹಾರಿಸಿಕೊಂಡ ಬರ್ತೀ ಏನ?"

"ದೋಣಿ ಕಟ್ಟತೇನಿ."

ದುಂಡೇಶ ನಕ್ಕ. ಆದರೂ ಒಪ್ಪಿದ. ಡಾಕ್ಟರು ಬಂದರೆ ಎಮ್ಮೆಗಳು ಇರುತ್ತವೆ, ಬರದಿದ್ದರೆ ನಾಗರ ಪಂಚಮಿ ಮುಗಿದ ಮೇಲೆ ದಲಾಲನ ಗಾಡಿ ಬರುತ್ತದೆ. ಗಂಡಹೆಂಡಿರ ನಡುವೆ ಆದ ಕರಾರು ಇಷ್ಟೇ.

ನೀರು ಆಕೆಗೆ ಹೊಸದಲ್ಲ. ತವರು ಶಿರಗುಪ್ಪಿ. ತಂದೆ ಗಾಣದ ಮನೆಯಲ್ಲಿ ಬೆಲ್ಲ ಕುದಿಸುತ್ತಿದ್ದ. ಕೃಷ್ಣೆ ಉಕ್ಕಿ ಬಂದ ವರ್ಷ ಬೆಲ್ಲದ ಕೊಪ್ಪರಿಗೆಯನ್ನೇ ನೀರಿಗೆ ಬಿಟ್ಟು ಜನರನ್ನು ದಾಟಿಸುತ್ತಿದ್ದರು, ಅದರಲ್ಲಿ ಈಕೆಯೂ ಕೂತಿದ್ದಳು. "ಗರಗರ ತಿರಗತಿತ್ರಿ ಮಾಸ್ತರ. ದಂಡಿ ಮುಟ್ಟೂದ್ರಾಗ ತಿಂದ ರೊಟ್ಟಿ ಬಾಯಿಗೆ ಬರ್ತಿತ್ತು. ಅಂಥಾದ್ರಾಗ ಡಾಕ್ಟರ್‌ನ ಕೂಡಸಾಕ ಆಗೂದಿಲ್ಲ," ಎಂದು ನಗುತ್ತಿದ್ದಳು.

ಫೋನಿನಲ್ಲಿ ಹುಡುಕಿ ಹುಡುಕಿ ಒಂದು ನಕ್ಷೆ ತೆಗೆಸಿಕೊಂಡು ಬಂದಳು. ಉದ್ದನೆಯ ಕಾಗದ, ಅದರ ತುಂಬ ಚೌಕಗಳು, ನಡುವೆ ಬಳುಕುವ ಗೆರೆಗಳು. ಕಾಗದದ ಒಂದು ಇಂಚು ಎಂದರೆ ದೋಣಿಯ ಒಂದು ಅಡಿ. ನಾನು ಕನ್ನಡಕ ಏರಿಸಿ, "ಇದು ಪ್ರಮಾಣದ ಲೆಕ್ಕ, ಎಂಟನೆಯ ಇಯತ್ತೆಯಿಂದ ಶುರು ಮಾಡಬೇಕು," ಎಂದೆ. ಆಕೆ ನನ್ನನ್ನು ಕರುಣೆಯಿಂದ ನೋಡಿದಳು.

"ದೀಪಾವಳಿಗೆ ಪುಸ್ತಕದಾಗಿನ ಅಂಗೈಯಷ್ಟ ರಂಗೋಲಿ ನೋಡಿ ಅಂಗಳ ತುಂಬ ಹಾಕ್ತೇನಲ್ರಿ, ಆವಾಗ ಯಾವ ಲೆಕ್ಕ ಮಾಡ್ತೇನ್ರಿ? ಚುಕ್ಕಿ ಅಷ್ಟ ಇರ್ತಾವು. ನಡುವಿನ ಅಂತರ ಅಷ್ಟ ದೊಡ್ಡದು."

ಮೂವತ್ತೆರಡು ವರ್ಷ ನಾನು ಹಲಗೆ ತುಂಬ ಬರೆದದ್ದನ್ನು ಆಕೆ ಎರಡು ಮಾತಿನಲ್ಲಿ ಮುಗಿಸಿದಳು. ಸಗಣಿ ಸಾರಿಸಿದ ಅಂಗಳದಲ್ಲಿ ಅಡಿಗೊಂದು ಚುಕ್ಕಿ ಇಟ್ಟು, ಗೆರೆ ಹಾಯುವಲ್ಲಿ ಮೊಳೆ ಹೊಡೆದು, ಮೊಳೆಗಳಿಗೆ ಆನಿಸಿ ಬಿದಿರಿನ ಸೀಳನ್ನು ಬಗ್ಗಿಸಿದಳು. ರಂಗೋಲಿ ಹಿಟ್ಟಿನಲ್ಲಿ ಹನ್ನೆರಡಡಿ ದೋಣಿಯ ಪಕ್ಕೆ ಮೂಡಿತು. ನಾನು ಟೇಪು ಹಿಡಿದು ಅಳೆದೆ. ತಪ್ಪು ಹುಡುಕಬೇಕೆಂದೇ ಅಳೆದೆ. ಎಲ್ಲಿಯೂ ಅರ್ಧ ಬೆರಳಿಗಿಂತ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆ ಗುರುತಿನ ಮೇಲೆ ನೀರು ತಡೆಯುವ ಪ್ಲೈವುಡ್ ಕೊಯ್ದಳು. ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹಲಗೆಗೆ ಹಲಗೆ ಹೊಲಿದಳು. ಕೌದಿ ಹೊಲಿಯುವ ಕೈಗೆ ತಂತಿಯೇನು, ದಾರವೇನು! ಸಂದುಗಳಿಗೆ ಅಂಟಿನಲ್ಲಿ ಕಟ್ಟಿಗೆ ಹೊಟ್ಟು ಕಲಸಿ ತುಂಬಿದಳು. ಇನ್ನು ನೀರು ಇಂಗದಂತೆ ಹೊರಮೈಗೆ ಫೈಬರ್ ಹಾಳೆ ಹೊದಿಸುವುದು ಉಳಿದಿತ್ತು. ಮದುವೆ ಮಂಟಪದ ಫೈಬರ್ ಕಂಬ ಮಾಡುವ ಲಖನ ಎಂಬವನು ನಿಪ್ಪಾಣಿಯಲ್ಲಿದ್ದಾನೆ. ಅವನ ಹತ್ತಿರ ಎರಡು ದಿನ ನಿಂತು ಕೆಲಸ ಕಲಿತು, ಮೂರನೆಯ ದಿನ ಸಾಮಾನು ಹೊತ್ತು ತಂದಳು.

ಅಷ್ಟರಲ್ಲಿ ಮನೆಯಲ್ಲಿ ಲಕ್ಕವ್ವ ತನ್ನ ಪಾಲಿನ ಕೆಲಸ ಮುಗಿಸಿದ್ದಳು. ನಮ್ಮ ಕಡೆ ಕಟ್ಟಿಗೆಯ ಸಾಮಾನು ಹೊಸದಾಗಿ ಮನೆಗೆ ಬಂದರೆ, ಒನಕೆಯಿರಲಿ ನೊಗವಿರಲಿ, ಎಣ್ಣೆ ಅರಿಷಿಣ ಹಚ್ಚದೆ ಬಳಸುವುದಿಲ್ಲ. ಮುದುಕಿ ಒಂದು ತಂಬಿಗೆ ಶೇಂಗಾ ಎಣ್ಣೆಗೆ ಅರಿಷಿಣ ಕಲಸಿ ಇಡೀ ದೋಣಿಗೆ ತಿಕ್ಕಿ ತಿಕ್ಕಿ ಕುಡಿಸಿದ್ದಳು. ದೋಣಿ ಮದುಮಗಳ ಹಾಗೆ ಹೊಳೆಯುತ್ತಿತ್ತು. ನೋಡಿದ ರಾಜೇಶ್ವರಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ 'ಹುಚ್ಚ ಹಿಡದೈತಿ ನನ್ನ ಸೊಸಿಗೆ' ಎನ್ನುತ್ತಿದ್ದ ಅತ್ತೆ ದೋಣಿಯನ್ನು ಮನೆಯದು ಎಂದು ಒಪ್ಪಿಕೊಂಡಳಲ್ಲ! ಸೊಸೆ ಕುಂಕುಮವಿಟ್ಟು ಕೈಮುಗಿದು, ಆ ಎಣ್ಣೆಯ ಮೇಲೆಯೇ ಫೈಬರ್ ಹಾಸಿ ಅಂಟು ಬಳಿದಳು. ನಾನೂ ಅಲ್ಲಿಯೇ ನಿಂತಿದ್ದೆ, ನನಗೂ ಏನೂ ಹೊಳೆಯಲಿಲ್ಲ.

ಎರಡನೆಯ ದಿನ ಮೂಲೆಯೊಂದನ್ನು ಎತ್ತಿದರೆ ಇಡೀ ಹಾಳೆ ಹಾವಿನ ಪೊರೆಯಂತೆ ಕಳಚಿಕೊಂಡು ಬಂತು. ಫೋನು ಮಾಡಿದರೆ ಲಖನ ಹಣೆ ಬಡಿದುಕೊಂಡ. "ಅಕ್ಕಾ, ಅಚ್ಚಿನಿಂದ ಕಂಬ ಬಿಟ್ಟು ಬರ್ಲಿ ಅಂತ ನಾವು ಮೇಣ ಹಚ್ಚತೇವು. ನೀ ಎಣ್ಣಿ ಹಚ್ಚಿ ಮ್ಯಾಲ ಅಂಟಸಾಕ ಹೋಗೀಯಲ್ಲ!"

ರಾಜೇಶ್ವರಿ ಅಂಗಳದಲ್ಲಿ ಕುಸಿದಳು. ಮಳೆಗಾಲ ಶುರುಮಾಡುವ ಮೃಗಶಿರದ ಮಳೆಗೆ ಉಳಿದದ್ದು ಒಂದೇ ವಾರ. ಸಿಟ್ಟಿನಲ್ಲಿ ಅತ್ತೆಯ ಮುಖ ನೋಡದೆ, "ನಿಮ್ಮ ಅರಿಷಿಣ ನನ್ನ ಏಳೂ ಎಮ್ಮಿ ತಿಂತ್ರಿ," ಎಂದುಬಿಟ್ಟಳು.

ಲಕ್ಕವ್ವ ಎದ್ದು ಪಾಲಿಶ್ ಪೇಪರ್ ಹುಡುಕಿ ತಂದು ದೋಣಿಯ ಬದಿಗೆ ಕೂತಳು. ಎಪ್ಪತ್ತೊಂದು ವರ್ಷದ ಕೈ.

"ನಾ ಹಚ್ಚೇನಿ. ನಾನ ತಗೀತೇನಿ."

ಆರು ದಿನ ತಿಕ್ಕಿದಳು. ಮೊದಲ ದಿನ ಒಬ್ಬಳೇ, ಎರಡನೆಯ ದಿನದಿಂದ ಸೊಸೆಯೂ ಎದುರಿಗೆ ಕೂತಳು. ನಾಲ್ಕನೆಯ ದಿನ ಅತ್ತೆಯ ಬೆರಳಿನಲ್ಲಿ ರಕ್ತ ಕಂಡು ರಾಜೇಶ್ವರಿ ತನ್ನ ಸೆರಗು ಹರಿದು ಕಟ್ಟಿದಳು. ಇಬ್ಬರ ನಡುವೆ ಮಾತು ಮತ್ತೆ ಅಲ್ಲಿಂದ ಶುರುವಾಯಿತು. ಎಣ್ಣೆ ಆಳಕ್ಕಿಳಿದಿದ್ದ ಎರಡು ಹಲಗೆ ಬಿಚ್ಚಿ ಹೊಸದು ಹೊಲಿದರು, ಉಳಿದದ್ದನ್ನು ಥಿನ್ನರ್ ಹಾಕಿ ಒರೆಸಿದರು. ಅಷ್ಟರಲ್ಲಿ ಮಳೆ ಬಂದೇಬಿಟ್ಟಿತು. ತೇವದಲ್ಲಿ ಅಂಟು ಗಟ್ಟಿಯಾಗುವುದಿಲ್ಲ. ದುಂಡೇಶ ಗೊಣಗುತ್ತಲೇ ಎಮ್ಮೆಗಳನ್ನು ಹೊರಗೆ ಬೇವಿನ ಗಿಡಕ್ಕೆ ಕಟ್ಟಿ ಕೊಟ್ಟಿಗೆ ಖಾಲಿ ಮಾಡಿಕೊಟ್ಟ. ಎಮ್ಮೆಗಳು ಮೂರು ದಿನ ಮಳೆಯಲ್ಲಿ ನೆನೆದವು. ದೋಣಿ ಒಳಗೆ ಬೆಚ್ಚಗೆ ಒಣಗಿತು. ಈ ಸಲ ಫೈಬರ್ ಉಗುರು ಹಾಕಿದರೂ ಏಳಲಿಲ್ಲ.

ಜುಲೈನಲ್ಲಿ ಬಾಂದಾರ ಮುಳುಗಿತು. ಎರಡೂ ದಂಡೆಯ ಮರಗಳಿಗೆ ಎತ್ತರದಲ್ಲಿ ದಪ್ಪ ಹಗ್ಗ ಬಿಗಿದಿದ್ದರು. ದೋಣಿಯನ್ನು ಅದಕ್ಕೆ ಕಬ್ಬಿಣದ ಬಳೆಯಿಂದ ಸಿಕ್ಕಿಸಿ, ಹಗ್ಗ ಜಗ್ಗುತ್ತ ದಾಟಬೇಕು. ಮೊದಲ ವಾರ ಹಾಲಿನ ಕ್ಯಾನುಗಳು ದಾಟಿದವು. ಊರು ದಂಡೆಯಲ್ಲಿ ನಿಂತು ನೋಡಿತು. ನಾನು, "ಹಾಲು ಬೇರೆ, ಮನುಷ್ಯ ಬೇರೆ," ಎಂದು ಹೇಳಿ ಮಾನ ಉಳಿಸಿಕೊಂಡೆ.

ಪಂಚಮಿಗೆ ನಾಲ್ಕು ದಿನವಿತ್ತು. ಮಧ್ಯಾಹ್ನ ಚಂದ್ರಿ ಎಂಬ ಎಮ್ಮೆಗೆ ನೋವು ಶುರುವಾಯಿತು. ಕರುವಿನ ಹಿಂಗಾಲು ಮುಂದೆ ಬಂದಿತ್ತು. ಹೋದ ವರ್ಷ ಆದದ್ದೂ ಅದೇ. ಡಾಕ್ಟರು ಸುಜಯ ಬಂದು ಮತ್ತೆ ಅದೇ ದಂಡೆಯಲ್ಲಿ, ನನ್ನ ಪಕ್ಕದಲ್ಲಿ ನಿಂತರು. ನೀರು ಕೆಂಪಗೆ, ವೇಗವಾಗಿ ಓಡುತ್ತಿತ್ತು. ಆಚೆ ದಂಡೆಯಲ್ಲಿ ದುಂಡೇಶ ಹೆಂಡತಿಯ ಕೈ ಹಿಡಿದು ತಡೆಯುವುದು ಕಾಣುತ್ತಿತ್ತು. ಆಕೆ ಕೈ ಬಿಡಿಸಿಕೊಂಡು, ಹಗ್ಗ ಜಗ್ಗುತ್ತ ದೋಣಿಯನ್ನು ನಮ್ಮ ದಂಡೆಗೆ ತಂದಳು.

ಡಾಕ್ಟರು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಸೊಂಟಕ್ಕೆ ಕಟ್ಟಿಕೊಂಡು ಕೇಳಿದರು. "ಯಾವ ಕಂಪನಿ ಬೋಟ್ ರಿ ಇದು?"

"ನಮ್ಮ ಅಂಗಳದ್ದರಿ," ಎಂದು ರಾಜೇಶ್ವರಿ ನನ್ನ ಕಡೆ ತಿರುಗಿದಳು. "ಮಾಸ್ತರ, ನೀವೂ ಹತ್ರಿ. ಮುಂದ ಭಾರ ಕಡಿಮಿ ಆಗೇತಿ."

ಊರೆಲ್ಲ ನೋಡುತ್ತಿತ್ತು. ಗಣಿತದ ಮಾಸ್ತರನಾಗಿ ಅಲ್ಲ, ಎಂಬತ್ತು ಕಿಲೋ ತೂಕವಾಗಿ ನಾನು ದೋಣಿ ಹತ್ತಿದೆ.

ನಡುಹೊಳೆಯಲ್ಲಿ ಬುಡಸಹಿತ ಕಿತ್ತುಬಂದ ಜಾಲಿಯ ಗಿಡವೊಂದು ಪಕ್ಕೆಗೆ ಢಬ್ ಎಂದು ಬಡಿಯಿತು. ದೋಣಿ ಓರೆಯಾಯಿತು, ನೀರು ನನ್ನ ತೊಡೆಯ ಮೇಲೆ ಬಿತ್ತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ರಾಜೇಶ್ವರಿ ಹಲ್ಲು ಕಚ್ಚಿ ಹಗ್ಗ ಜಗ್ಗುತ್ತಿದ್ದಳು, ಜಾಲಿ ಹಿಂದೆ ತೇಲಿಹೋಗಿತ್ತು. ಪಕ್ಕೆಯಲ್ಲಿ ಉಳಿದದ್ದು ಗೀರು ಮಾತ್ರ. ಎಲ್ಲಿಯೂ ಸಿಬಿರೂ ಎದ್ದಿರಲಿಲ್ಲ.

ದಂಡೆ ಮುಟ್ಟಿದ ಕೂಡಲೇ ಡಾಕ್ಟರು ಕೊಟ್ಟಿಗೆಗೆ ಓಡಿದರು. ಮುಕ್ಕಾಲು ತಾಸು. ಲಕ್ಕವ್ವ ಚಂದ್ರಿಯ ತಲೆ ಹಿಡಿದು ಕೂತಿದ್ದಳು. ಕೊನೆಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಲಿಲ್ಲ. ಡಾಕ್ಟರು ಮೂಗು ಒರೆಸಿ ಎದೆ ತಿಕ್ಕಿದರು. ಕರು ಒಮ್ಮೆ ಸೀನಿ, ತಲೆ ಕೊಡವಿತು. ಹೆಣ್ಣು ಕರು. ಚಂದ್ರಿ ತಿರುಗಿ ಅದನ್ನು ನೆಕ್ಕತೊಡಗಿತು.

ರಾಜೇಶ್ವರಿ ಸಗಣಿ, ರಕ್ತ, ನೀರಿನ ನಡುವೆ ಕೂತು ದೊಡ್ಡ ದನಿ ತೆಗೆದು ಅತ್ತಳು. ಹೋದ ವರ್ಷದ್ದೂ ಸೇರಿಸಿ ಅತ್ತಳು. ಇಂಥ ಸಂತೋಷ ನನಗೆ ಯಾವ ವಿದ್ಯಾರ್ಥಿಯ ಫಲಿತಾಂಶದಲ್ಲಿಯೂ ಆಗಿರಲಿಲ್ಲ.

ದುಂಡೇಶ ಬಾಗಿಲ ಬಳಿ ನಿಂತು ಫೋನು ತೆಗೆದ. ದಲಾಲನಿಗೆ ಹಚ್ಚಿದ್ದ.

"ಗಾಡಿ ತರಬ್ಯಾಡ್ರಿ... ಇಲ್ರಿ, ಪಂಚಮಿ ಆದ ಮ್ಯಾಲೂ ಬ್ಯಾಡ. ಎಮ್ಮಿ ನಮ್ಮಾಕಿವು. ಮಾರಾಕ ನಾ ಯಾಂವ?"

ರಾಜೇಶ್ವರಿ ಮೂಗು ಒರೆಸಿಕೊಂಡು ತಲೆಯೆತ್ತಿದಳು. "ಇನ್ನೊಮ್ಮಿ ಹೇಳ್ರಿ. ಜೋರ ಹೇಳ್ರಿ, ಡಾಕ್ಟರಿಗೂ ಮಾಸ್ತರಿಗೂ ಕೇಳಲಿ."

ದುಂಡೇಶ ನಮ್ಮ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿ ಹೇಳಿದ.