ಮೊದಲ ದೋಸೆ

ನೀರುದೋಸೆ ಹೊಯ್ಯುವಾಗ ಮೊದಲನೆಯದು ಹರಿಯದೆ ಇರುವುದಿಲ್ಲ. ಕಾವಲಿ ಸರಿಯಾಗಿ ಕಾದಿರುವುದಿಲ್ಲ, ಹಿಟ್ಟು ಕಚ್ಚಿಕೊಳ್ಳುತ್ತದೆ, ಕೆರೆದು ತೆಗೆಯಬೇಕು. ಬೈಂದೂರಿನ ನಮ್ಮ ತವರಿನಲ್ಲಿ ಅದು ಬೀಳುತ್ತಿದ್ದದ್ದು ನನ್ನ ತಟ್ಟೆಗೆ. ನಾನು ಹಿರಿಯವಳು, ಕಪ್ಪು, ಉಬ್ಬುಹಲ್ಲು. ಮನೆಗೆ ಯಾರೇ ಬರಲಿ, ಅಮ್ಮ ಬೆಳ್ಳಗಿನ ತಂಗಿಯನ್ನು ಮುಂದೆ ನಿಲ್ಲಿಸಿ, ಸಟ್ಟುಗವನ್ನು ನನ್ನ ಕಡೆ ತೋರಿಸುತ್ತಿದ್ದಳು.

"ಇದ್ ನನ್ ಮೊದ್ಲಿನ್ ದ್ವಾಸಿ. ಕಾವ್ಲಿ ಕಾಯುಕ್ ಮುಂಚೆ ಹೊಯ್ದದ್."

ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಮ್ಮನಿಗೆ ಹೆಗ್ಗಣವಾದರೂ ಮುದ್ದಾಗುತ್ತಿತ್ತೇನೋ.

ಮದುವೆಯಾಗಿ ತಲ್ಲೂರಿಗೆ ಬಂದ ಮೇಲೂ ಹರಿದದ್ದನ್ನು ನಾನೇ ತಿನ್ನುತ್ತಿದ್ದೆ, ಯಾರೂ ಹೇಳದಿದ್ದರೂ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದೆ. ನಿದ್ರೆ ಕೆಟ್ಟು, ಗಂಡನ ಒತ್ತಾಯಕ್ಕೆ ಕುಂದಾಪುರದ ಆಪ್ತಸಲಹೆಗಾರರ ಹತ್ತಿರ ಹೋದೆ. ಕನ್ನಡಿಯ ಮುಂದೆ ನಿಮ್ಮನ್ನು ನೀವೇ ಹೊಗಳಿಕೊಳ್ಳಿ ಅಂದರು ಆಕೆ. ಪ್ರಯತ್ನಿಸಿದೆ, ನಗು ಬಂತು. ಕೊನೆಗೆ ಆಕೆ, "ಒಂದು ಇಡೀ ದೋಸೆ ತಿನ್ನಿ, ನಿಮ್ಮ ಮಗಳ ಎದುರೇ ತಿನ್ನಿ. ಅವಳು ನಿಮ್ಮನ್ನೇ ನೋಡಿ ಕಲಿಯುವುದು," ಅಂದರು. ಆ ಮಾತು ಮಾತ್ರ ನಾಟಿತು. ನನ್ನ ಮಗಳೂ ಕಪ್ಪು.

ಮುಂಬೈಯಿಂದ ತಂಗಿ ಬಂದಿದ್ದಾಳೆಂದು ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ಬೆಳಿಗ್ಗೆ ನೀರುದೋಸೆ, ನಿನ್ನೆಯ ಬಂಗುಡೆ ಸಾರು. ಹರಿದದ್ದನ್ನು ಬದಿಗೆ ಸರಿಸಿ, ಬೆಳ್ಳಗಿನದೊಂದನ್ನು ನನ್ನ ತಟ್ಟೆಗೆ ಹಾಕಿಕೊಂಡೆ.

"ಅದ್ ತಂಗಿಗ್ ಹಾಕ್," ಅಂದಳು ಅಮ್ಮ. "ನಿಂಗೆ ಯಾವಾಗಿಂದ ಇಷ್ಟ್ ಸೊಕ್ಕ್?"

ನಾನು ಬಾಯಿ ತೆರೆಯುವ ಮೊದಲೇ ಮಗಳು ನನ್ನ ತಟ್ಟೆಯಿಂದ ದೋಸೆ ಎತ್ತಿ ಚಿಕ್ಕಮ್ಮನಿಗೆ ಹಾಕಿದಳು. "ಅಮ್ಮಂಗೆ ಹರ್ದದ್ದೇ ಸಾಕ್, ಚಿಕ್ಕಿ."

ಎಲ್ಲರೂ ನಕ್ಕರು. "ಹೆಣ್ಣ್ ಬಾರೀ ಹುಷಾರ್," ಎಂದು ಅಮ್ಮ ಅವಳ ತಲೆ ಸವರಿದಳು.

ಮೈಯೆಲ್ಲ ಉರಿದುಹೋಯಿತು. ತಂಗಿಯ ತಟ್ಟೆಗೆ ಕೈಹಾಕಿ ಆ ದೋಸೆಯನ್ನು ಎಳೆದುಕೊಂಡು, ಅಲ್ಲೇ ಸಾರಿಲ್ಲದೆ ತಿಂದೆ. ಗಂಟಲಿಗೆ ಸಿಕ್ಕಿಕೊಂಡರೂ ಬಿಡಲಿಲ್ಲ. ತಂಗಿ ತಲೆ ತಗ್ಗಿಸಿದಳು. ಅಮ್ಮ ನನಗೆ ನೀರು ಕೊಡಲಿಲ್ಲ.

"ಹಸ್ದ್ ನಾಯಿ ಹಾಂಗೆ," ಅಂದಳು.

ಅನ್ನಲಿ, ನಾನು ಗೆದ್ದಿದ್ದೆ. ಬಸ್ಸಿನಲ್ಲಿ ಸೀಟು ಹಿಡಿದು ಕೂತು ತಲ್ಲೂರಿಗೆ ಬಂದೆ.

ಮರುದಿನ ನಮ್ಮ ಮನೆಯಲ್ಲಿ ನಾನೇ ದೋಸೆ ಹೊಯ್ದೆ. ಮೊದಲನೆಯದು ಹರಿಯಿತು. ಅದನ್ನು ಹೊರಗೆ ಕಾಗೆಗೆ ಹಾಕುವ ಅಂದುಕೊಂಡು ತಿರುಗಿದರೆ, ಮಗಳು ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ನಿನ್ನೆಯಿಂದ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ.

"ಅಮ್ಮ, ನೀನ್ ಇದ್ ತಿಂತಿಲ್ಯಲೆ," ಅಂದಳು. "ಇನ್ ಮೇಲೆ ಹರ್ದದ್ ನಾನ್ ತಿನ್ಕಾ?"